ಹಳೆಯ ಸನ್ನದು, ಹೊಸ ಘೋಷಣಾ ಪತ್ರ ಮತ್ತು ಊರ ಗೋಮಾಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಊರ ಗೋಮಾಳದಲ್ಲಿ ನಾವು ತಲೆತಲಾಂತರದಿಂದ ಕುರಿ, ದನ ಮೇಯಿಸುತ್ತ ಬಂದಿದ್ದೇವೆ. ಮೈಸೂರು ಮಹಾರಾಜರ ಕಾಲದಲ್ಲಿ ತಮ್ಮ ಮುತ್ತಜ್ಜನಿಗೆ ಈ ಜಮೀನು ಇನಾಮಾಗಿ ಬಂದಿತ್ತೆಂದು ಹೇಳಿ ಒಂದು ಮನೆತನದವರು ಸನ್ನದಿನ (ರಾಜರು ಕೊಟ್ಟ ಮಂಜೂರಾತಿ ಪತ್ರದ) ಜೆರಾಕ್ಸ್ ಪ್ರತಿ ತೋರಿಸುತ್ತಿದ್ದಾರೆ. ಅದರ ಆಧಾರದ ಮೇಲೆ ಘೋಷಣಾ ಪತ್ರವೊಂದನ್ನು ನೋಂದಣಿ ಮಾಡಿಸಿ ತಂತಿ ಬೇಲಿಯನ್ನೂ ಹಾಕಿದ್ದಾರೆ. ಪಹಣಿಯಲ್ಲಿ ಈಗಲೂ ‘ಸರ್ಕಾರಿ ಗೋಮಾಳ’ ಎಂದೇ ಇದೆ. ನೋಂದಣಿಯಾದ ಮೇಲೆ ಯಾರೂ ಏನೂ ಮಾಡಲಾಗದು ಎನ್ನುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಉಪನೋಂದಣಾಧಿಕಾರಿಯವರು ಮುಖ್ಯವಾಗಿ ನೋಡುವುದು ಪತ್ರವನ್ನು ಬರೆದುಕೊಟ್ಟವರು ಅವರೇ ಹೌದೇ, ಒಪ್ಪಿ ಸಹಿ ಮಾಡಿದ್ದಾರೆಯೇ, ಶುಲ್ಕ ಸಂದಾಯವಾಗಿದೆಯೇ ಎಂಬುದನ್ನೇ ಹೊರತು, ಆ ಜಮೀನು ನಿಜಕ್ಕೂ ಅವರದೇ ಎಂಬುದನ್ನು ತೀರ್ಮಾನಿಸುವ ಕೆಲಸ ಅವರದಲ್ಲ. ತನಗೆ ಇಲ್ಲದ ಹಕ್ಕನ್ನು ತಾನೇ ಬರೆದು ನೋಂದಣಿ ಮಾಡಿಸಿದರೆ ‘ಇಂಥವರು ಇಂಥ ದಿನ ಹೀಗೆ ಹೇಳಿಕೊಂಡರು’ ಎಂಬುದಕ್ಕೆ ಮಾತ್ರ ಅದು ದಾಖಲೆಯಾಗುತ್ತದೆ. ಖಾತೆ ಬದಲಾವಣೆಯ ವಿಷಯವೂ ಹೀಗೆಯೇ: ಮ್ಯುಟೇಶನ್ ಆದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದಿಲ್ಲವೆಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ನಿಮ್ಮ ಪ್ರಕರಣದಲ್ಲಂತೂ ಪಹಣಿ ಇನ್ನೂ ಸರ್ಕಾರದ ಹೆಸರಿನಲ್ಲಿದೆ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 133ನೇ ಕಲಮಿನಂತೆ ಪಹಣಿಯಂಥ ಹಕ್ಕು ದಾಖಲೆಯ ನಮೂದನ್ನು, ತಪ್ಪೆಂದು ಸಾಬೀತಾಗುವವರೆಗೆ, ಸರಿಯೆಂದೇ ಭಾವಿಸಬೇಕು. ಸಾಬೀತು ಮಾಡುವ ಹೊಣೆ ಬೇಲಿ ಹಾಕಿದವರದು, ನಿಮ್ಮದಲ್ಲ.

ಇನ್ನು ಸನ್ನದಿನ ವಿಚಾರ. ಹಳೆಯ ಮೈಸೂರು ಸಂಸ್ಥಾನದಲ್ಲಿ ಇನಾಮು ಕೊಡುವ ಪದ್ಧತಿ ಇದ್ದುದು ಸತ್ಯ, ಹಾಗೆ ಬಂದ ಜಮೀನುಗಳು ಚಿತ್ರದುರ್ಗ ಸೀಮೆಯಲ್ಲಿಯೂ ಇದ್ದವು. ಆದ್ದರಿಂದ ಆ ಕಾಗದವನ್ನು ಸುಳ್ಳೆಂದು ಮೊದಲೇ ತೀರ್ಮಾನಿಸಬೇಡಿ. ಆದರೆ ಅದು ಅಸಲಿಯೇ ಆಗಿದ್ದರೂ ಪ್ರಶ್ನೆ ಮುಗಿಯುವುದಿಲ್ಲ. ವೈಯಕ್ತಿಕ ಮತ್ತು ಸಂಕೀರ್ಣ ಇನಾಮುಗಳನ್ನು 1954ರ ಕಾಯ್ದೆಯೂ, ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳನ್ನು 1955ರ ಕಾಯ್ದೆಯೂ ರದ್ದುಪಡಿಸಿದವು. ಶಾನುಭೋಗ, ಪಟೇಲ, ತಳವಾರ ಮುಂತಾದ ಹುದ್ದೆಗಳಿಗೆ ಸಂಬಂಧಿಸಿದ ಇನಾಮುಗಳು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ವ್ಯಾಪ್ತಿಗೆ ಬಂದವು. ಹೀಗೆ ರದ್ದಾದ ಜಮೀನು ಸರ್ಕಾರದ ವಶಕ್ಕೆ ಹೋಯಿತು. ಇನಾಮುದಾರರಾಗಲಿ, ಉಳುಮೆ ಮಾಡುತ್ತಿದ್ದವರಾಗಲಿ, ಆ ಕಾಯ್ದೆಗಳು ಹೇಳಿದ ಕ್ರಮದಲ್ಲಿ ಅರ್ಜಿ ಹಾಕಿ ತಮ್ಮ ಹೆಸರಿಗೆ ಆದೇಶ ಪಡೆಯಬೇಕಾಗಿತ್ತು. ಆದ್ದರಿಂದ ನೀವು ಕೇಳಬೇಕಾದುದು ಮಹಾರಾಜರ ಸನ್ನದನ್ನಲ್ಲ. ಅದಾದ ಮೇಲೆ ಬಂದ ಇನಾಮು ರದ್ದತಿಯ ಆದೇಶವನ್ನು. ಆ ಆದೇಶವಿಲ್ಲದಿದ್ದರೆ ಸನ್ನದು ಇತಿಹಾಸದ ಕಾಗದವಾಗಿ ಉಳಿಯುತ್ತದೆಯೇ ಹೊರತು ಬೇಲಿ ಹಾಕುವ ಅಧಿಕಾರವನ್ನು ಕೊಡುವುದಿಲ್ಲ.

ಮಂಜೂರಾತಿ ಎಂಬುದು ಕೊಟ್ಟವರ ಪುಸ್ತಕದಲ್ಲಿಯೂ ಇರಬೇಕು, ಪಡೆದವರ ಪೆಟ್ಟಿಗೆಯಲ್ಲಿ ಮಾತ್ರ ಇದ್ದರೆ ಸಾಲದು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಇನಾಮು ರಿಜಿಸ್ಟರ್, ಮೂಲ ಸರ್ವೆಯ ಟಿಪ್ಪಣಿ, ಆಕಾರ್‌ಬಂದ್ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿರುವ ದಾಖಲೆ), ಕೈಬರಹದ ಹಳೆಯ ಪಹಣಿಗಳು, ದರಖಾಸ್ತಿನಲ್ಲಿ (ಅರ್ಜಿಯ ಮೇಲೆ ಸರ್ಕಾರದ ಮಂಜೂರಾತಿಯಾಗಿ) ಬಂದುದೆಂದು ವಾದಿಸಿದರೆ ಸಾಗುವಳಿ ಚೀಟಿ (ಮಂಜೂರಾತಿ ಪತ್ರ) ವಿತರಣೆಯ ರಿಜಿಸ್ಟರ್, ಇವುಗಳ ದೃಢೀಕೃತ ನಕಲುಗಳನ್ನು ತಾಲ್ಲೂಕು ಕಚೇರಿಯಿಂದಲೂ ಭೂಮಾಪನ ಇಲಾಖೆಯಿಂದಲೂ ಪಡೆಯಿರಿ. ಕೊಡಲು ತಡಮಾಡಿದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಬರಬೇಕು. ದಾವಣಗೆರೆ ಜಿಲ್ಲೆಯ ಓದುಗರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ಈ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಅದಕ್ಕೆ ಹಿಂದಿನ ಜಿಲ್ಲಾ ಮಟ್ಟದ ಕಡತಗಳು ದಾವಣಗೆರೆ, ಹರಿಹರ, ಜಗಳೂರಿಗೆ ಸಂಬಂಧಿಸಿದವಾದರೆ ಚಿತ್ರದುರ್ಗದಲ್ಲಿಯೂ, ಹೊನ್ನಾಳಿ, ಚನ್ನಗಿರಿಗೆ ಸಂಬಂಧಿಸಿದವಾದರೆ ಶಿವಮೊಗ್ಗದಲ್ಲಿಯೂ ಇರುವ ಸಾಧ್ಯತೆಯುಂಟು. ಒಂದು ಕಚೇರಿಯಲ್ಲಿ ‘ಕಡತ ಲಭ್ಯವಿಲ್ಲ’ ಎಂದ ಮಾತ್ರಕ್ಕೆ ಹುಡುಕಾಟವನ್ನು ನಿಲ್ಲಿಸಬಾರದು.

ದಾಖಲೆ ಕೈಗೆ ಬಂದ ಮೇಲೆ, ಅಥವಾ ಬರುವ ಮೊದಲೇ, ತಹಶೀಲ್ದಾರರಿಗೆ ಲಿಖಿತ ದೂರು ಕೊಟ್ಟು ಗೋಮಾಳದ ಹದ್ದುಬಸ್ತು (ಗಡಿ ಗುರುತಿಸುವ) ಅಳತೆ ಮಾಡಿಸುವಂತೆಯೂ ಒತ್ತುವರಿ ತೆರವುಗೊಳಿಸುವಂತೆಯೂ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ. ಗ್ರಾಮ ಸಭೆಯಲ್ಲಿ ವಿಷಯ ಮಂಡಿಸಿ ನಡವಳಿಯಲ್ಲಿ ಬರೆಸಿ. ಬೇರೆಯವರ ಸ್ವತ್ತಲ್ಲದ ಜಮೀನೆಲ್ಲ ರಾಜ್ಯ ಸರ್ಕಾರದ್ದೆಂದು ಭೂ ಕಂದಾಯ ಕಾಯ್ದೆಯ 67ನೇ ಕಲಮು ಹೇಳುತ್ತದೆ; ಯಾರಾದರೂ ಅಂಥ ಜಮೀನಿನ ಮೇಲೆ ಹಕ್ಕು ಸಾಧಿಸಿದರೆ ವಿಧಿಬದ್ಧ ವಿಚಾರಣೆ ನಡೆಸಿ ತೀರ್ಮಾನಿಸುವ ಅಧಿಕಾರವನ್ನು ಅದೇ ಕಲಮು ಜಿಲ್ಲಾಧಿಕಾರಿಗೆ ಕೊಟ್ಟಿದೆ. ಬೇಲಿಯನ್ನು ನೀವೇ ಕೀಳಲು ಹೋಗಬೇಡಿ. ಆಗ ಜಮೀನಿನ ಪ್ರಶ್ನೆ ಹಿಂದೆ ಸರಿದು ನಿಮ್ಮ ಮೇಲಿನ ಕ್ರಿಮಿನಲ್ ಮೊಕದ್ದಮೆ ಮುಂದೆ ಬರುತ್ತದೆ.

‘ಮೂವತ್ತು ವರ್ಷ ಅನುಭವದಲ್ಲಿದ್ದೇವೆ’ ಎಂಬ ವಾದವೂ ಬರಬಹುದು. 1963ರ ಕಾಲಮಿತಿ ಕಾಯ್ದೆಯಲ್ಲಿ ಖಾಸಗಿ ಜಮೀನಿಗೆ 12 ವರ್ಷಗಳ ಅವಧಿಯಿದ್ದರೆ ಸರ್ಕಾರ ಹೂಡುವ ದಾವೆಗೆ 30 ವರ್ಷಗಳ ಅವಧಿಯಿದೆ. ಅಷ್ಟು ಕಾಲ ಬಹಿರಂಗವಾಗಿ, ಸರ್ಕಾರದ ಹಕ್ಕಿಗೆ ವಿರುದ್ಧವಾಗಿ, ಎಡೆಬಿಡದೆ ಸ್ವಾಧೀನದಲ್ಲಿದ್ದುದನ್ನು ಅವರು ಸಾಬೀತು ಮಾಡಬೇಕು. ಈಚೆಗೆ ಬೇಲಿ ಹಾಕಿದವರಿಗೆ, ಅದೂ ಇಡೀ ಊರಿನ ಕುರಿ ಮೇಯುತ್ತಿದ್ದ ನೆಲದಲ್ಲಿ, ಅದು ಸುಲಭವಲ್ಲ. ಜಗಪಾಲ್ ಸಿಂಗ್ ಪ್ರಕರಣದ 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಗ್ರಾಮದ ಸಾಮೂಹಿಕ ಜಮೀನಿನ ಒತ್ತುವರಿಗಳನ್ನು ತೆರವುಗೊಳಿಸಿ ಊರಿನ ಬಳಕೆಗೆ ಹಿಂದಿರುಗಿಸಲು ಯೋಜನೆ ರೂಪಿಸಬೇಕೆಂದು ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಿದೆ. ನಿಮ್ಮ ದೂರಿನಲ್ಲಿ ಆ ತೀರ್ಪನ್ನು ತಪ್ಪದೆ ಉಲ್ಲೇಖಿಸಿ.

ಚಳ್ಳಕೆರೆಯಂಥ ಮಳೆ ಕಡಿಮೆಯಿರುವ ಸೀಮೆಯಲ್ಲಿ ಗೋಮಾಳವನ್ನು ಪಾಳುಬಿದ್ದ ಜಮೀನೆಂದು ಕರೆಯುವುದು ಅನ್ಯಾಯ. ಕುರಿ ಸಾಕಣೆ, ಕಂಬಳಿ ನೇಯ್ಗೆ, ಮ್ಯಾಸಬೇಡರ ದೇವರ ಎತ್ತುಗಳು ಎಲ್ಲವೂ ಆ ಹುಲ್ಲನ್ನೇ ನಂಬಿವೆ. ಇದೇ ತಾಲ್ಲೂಕಿನ ಅಮೃತಮಹಲ್ ಕಾವಲುಗಳ (ಅಮೃತಮಹಲ್ ತಳಿಯ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳ) ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಮಂಜೂರಾಗಿ, ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ ಹೋಗಿರುವಾಗ, ಉಳಿದ ಮೇವಿನ ನೆಲದ ಒಂದೊಂದು ಎಕರೆಯೂ ಅಮೂಲ್ಯ.

ಪ್ರಶ್ನೆ: ದಾವಣಗೆರೆಯ ಅಂಚಿನಲ್ಲಿ ನಮ್ಮ ಜಮೀನಿಗೆ ಹೊಂದಿಕೊಂಡು ಸರ್ಕಾರಿ ಖರಾಬು (ಸಾಗುವಳಿಯಿಂದ ಹೊರಗಿಟ್ಟ ನೆಲ) ಇದೆ. ಅಮೆರಿಕದಲ್ಲಿ ‘ಲ್ಯಾಂಡ್ ಪೇಟೆಂಟ್’ ಘೋಷಿಸಿಕೊಂಡರೆ ಜಮೀನು ಶಾಶ್ವತವಾಗಿ ಸ್ವಂತದ್ದಾಗುತ್ತದೆ, ಬ್ಯಾಂಕಾಗಲಿ ತೆರಿಗೆಯಾಗಲಿ ಅದನ್ನು ಮುಟ್ಟುವುದಿಲ್ಲ ಎಂಬ ವಿಡಿಯೊಗಳನ್ನು ತೋರಿಸಿ, ಇಲ್ಲಿಯೂ ಹಾಗೆಯೇ ಮಾಡಿಕೊಡುತ್ತೇನೆಂದು ಒಬ್ಬರು ಹಣ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ದಯವಿಟ್ಟು ಕೊಡಬೇಡಿ. ಆ ವಿಡಿಯೊಗಳು ಹೇಳುವುದು ಅಮೆರಿಕದಲ್ಲಿಯೇ ನಡೆಯುವುದಿಲ್ಲ. ಅಲ್ಲಿ ಲ್ಯಾಂಡ್ ಪೇಟೆಂಟ್ ಎಂದರೆ ಒಕ್ಕೂಟ ಸರ್ಕಾರವು ತನ್ನ ಜಮೀನನ್ನು ಮೊಟ್ಟಮೊದಲ ಬಾರಿಗೆ ಖಾಸಗಿಯವರಿಗೆ ಕೊಟ್ಟ ಪತ್ರ. 1812ರಲ್ಲಿ ಸ್ಥಾಪನೆಯಾದ ಜನರಲ್ ಲ್ಯಾಂಡ್ ಆಫೀಸ್ ಇಂಥ ಪತ್ರಗಳನ್ನು ನೀಡುತ್ತಿತ್ತು. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಐದು ವರ್ಷ ನೆಲೆಸಿ ಬೇಸಾಯ ಮಾಡಿದವರಿಗೆ 160 ಎಕರೆಯವರೆಗೆ ದೊರೆಯುತ್ತಿತ್ತು. ಆ ಅವಕಾಶವನ್ನು 1976ರ ಕಾಯ್ದೆ ಕೊನೆಗೊಳಿಸಿತು, ಅಲಾಸ್ಕದಲ್ಲಿ ಮಾತ್ರ ಇನ್ನೂ ಹತ್ತು ವರ್ಷ ಉಳಿಯಿತು. ಮೊದಲ ಪತ್ರದ ನಂತರ ಆದ ಮಾರಾಟ, ಅಡಮಾನ, ತೆರಿಗೆ ಬಾಕಿ ಯಾವುದನ್ನೂ ಅದು ಅಳಿಸುವುದಿಲ್ಲ. 1980ರ ದಶಕದಲ್ಲಿ ಸಾಲದಲ್ಲಿ ಮುಳುಗಿದ ಅಲ್ಲಿನ ಕೆಲವು ರೈತರು, ಜಮೀನು ಜಪ್ತಿಯಾಗುವುದನ್ನು ತಪ್ಪಿಸಲು, ಹಳೆಯ ಪೇಟೆಂಟನ್ನು ತಮ್ಮ ಹೆಸರಿಗೆ ತಾವೇ ಬರೆದುಕೊಂಡು ದಾಖಲಿಸಿದರು. ಇಂಡಿಯಾನಾ ರಾಜ್ಯದ ಅಂಥ ಪ್ರಕರಣವೊಂದರಲ್ಲಿ 1985ರಲ್ಲಿ ಒಕ್ಕೂಟದ ಮೇಲ್ಮನವಿ ನ್ಯಾಯಾಲಯವು ಆ ವಾದವನ್ನು ತಿರಸ್ಕರಿಸಿತು. ಕಷ್ಟದಲ್ಲಿದ್ದವರಿಗೆ ಇಂಥ ಮದ್ದನ್ನು ಮಾರಿದವರ ಮೇಲೆ ನನಗೆ ಕೋಪ ಬರುತ್ತದೆ, ಏಕೆಂದರೆ ಜಮೀನಿನ ಜೊತೆಗೆ ಆ ರೈತರು ವಕೀಲರ ಖರ್ಚನ್ನೂ ಕಳೆದುಕೊಂಡರು.

ನಿಮ್ಮ ಖರಾಬು ‘ಬಿ’ ವರ್ಗದ್ದಾಗಿದ್ದರೆ ಅದು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಮೀಸಲಾದದ್ದು. ‘ಎ’ ವರ್ಗದ್ದಾದರೆ, ನಿಮ್ಮದೇ ಸರ್ವೆ ನಂಬರಿನೊಳಗಿನ, ಸಾಗುವಳಿಗೆ ಬಾರದ ಭಾಗವೆಂದು ಅರ್ಥ. ಯಾವುದೆಂದು ಆಕಾರ್‌ಬಂದ್ ಮತ್ತು ಪಹಣಿ ನೋಡಿ ತಿಳಿದುಕೊಳ್ಳಿ. ಅದಕ್ಕೆ ಮಧ್ಯವರ್ತಿ ಬೇಕಿಲ್ಲ.

ಪ್ರಶ್ನೆ: ಹೊಸದುರ್ಗ ತಾಲ್ಲೂಕಿನಲ್ಲಿ ನಮ್ಮ ತಂದೆಯ ಕಾಲದಿಂದ ಎರಡು ಎಕರೆ ಗೋಮಾಳದಲ್ಲಿ ರಾಗಿ ಬೆಳೆಯುತ್ತಿದ್ದೇವೆ. ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮಗೊಳಿಸಲು ನಮೂನೆ 57ರಲ್ಲಿ ಅರ್ಜಿ ಹಾಕಿದ್ದೇನೆ. ಬೇರೆ ಜಮೀನಿಲ್ಲ. ನಾನೂ ಕಬಳಿಕೆದಾರನೇ?

ಉತ್ತರ: ಸಕ್ರಮಕ್ಕೆಂದು ಕಾನೂನೇ ತೆರೆದ ದಾರಿಯಲ್ಲಿ, ಇರುವುದನ್ನು ಇದ್ದಂತೆ ಹೇಳಿ ಅರ್ಜಿ ಹಾಕಿರುವ ನಿಮ್ಮನ್ನು ನಾನು ಆ ಸಾಲಿಗೆ ಸೇರಿಸುವುದಿಲ್ಲ. ನಮೂನೆ 50 ಮತ್ತು 53ರ ನಂತರ ಬಂದ ಈ ನಮೂನೆಯಲ್ಲಿ 2005ರ ಜನವರಿ 1ಕ್ಕೆ ಮೊದಲಿನಿಂದ ಸಾಗುವಳಿ ಇದ್ದುದನ್ನು ತೋರಿಸಬೇಕು. ಆದರೆ ಗೋಮಾಳಕ್ಕೆ ಒಂದು ಮಿತಿಯಿದೆ: 1969ರ ಭೂ ಮಂಜೂರಾತಿ ನಿಯಮಗಳ 97ನೇ ನಿಯಮದಂತೆ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ನೆಲ ಉಳಿಯಬೇಕು. ಅದಕ್ಕಿಂತ ಹೆಚ್ಚುವರಿ ಇದ್ದರೆ ಮಾತ್ರ ನಿಮ್ಮ ಅರ್ಜಿಗೆ ಬಲ ಬರುತ್ತದೆ. ಆದ್ದರಿಂದ ನಿಮ್ಮ ಊರಿನ ಜಾನುವಾರು ಸಂಖ್ಯೆಯನ್ನು ಪಶುಪಾಲನಾ ಇಲಾಖೆಯಿಂದ ಲಿಖಿತವಾಗಿ ಪಡೆದು ಕಡತಕ್ಕೆ ಸೇರಿಸಿ. ಮಂಜೂರಾತಿಯಾಗಿ ಸಾಗುವಳಿ ಚೀಟಿ ಕೈಗೆ ಬರುವ ಮೊದಲು ಆ ಜಮೀನಿನ ಮೇಲೆ ಕರಾರು ಬರೆದುಕೊಡುವುದಾಗಲಿ, ಮುಂಗಡ ಪಡೆಯುವುದಾಗಲಿ ಬೇಡ. ಬಂದ ಮೇಲೂ ಚೀಟಿಯಲ್ಲಿ ಬರೆದಿರುವ ಪರಭಾರೆ (ಮಾರಾಟ, ದಾನದಂಥ ಹಸ್ತಾಂತರ) ನಿಷೇಧದ ಅವಧಿಯನ್ನು ಪಾಲಿಸಬೇಕು; ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ 1978ರ ಪಿಟಿಸಿಎಲ್ (ಪರಿಶಿಷ್ಟ ಜಾತಿ, ಪಂಗಡಗಳಿಗೆ ಮಂಜೂರಾದ ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರಿದ ಮಂಜೂರಾತಿ ಜಮೀನಿನ ಕ್ರಯ ಅಸಿಂಧುವಾಗುತ್ತದೆ.