ಹೊಸ ಕಾರು ಬಲಕ್ಕೆ ಎಳೆಯುತ್ತಿದೆ ಎಂದ ತಮ್ಮನಿಗೆ

ತಮ್ಮಾ, ನಿನ್ನ ಪತ್ರ ಬಂದಾಗ ನಾನು ಹಾಸನದಲ್ಲಿದ್ದೆ. ಮಕ್ಕಳ ಬೇಸಿಗೆ ರಜೆಗೆಂದು ತವರಿಗೆ ಬಂದವಳು ಇಲ್ಲಿಂದಲೇ ಉತ್ತರ ಬರೆಯುತ್ತಿದ್ದೇನೆ. ಚಿಕ್ಕಮಗಳೂರಿನಿಂದ ನ್ಯೂಜೆರ್ಸಿಗೆ ಹೋಗಿ ಇನ್ನೂ ವರ್ಷ ತುಂಬದ ನೀನು ಸಾಲ ಮಾಡಿ ಹೊಸ ಕಾರು ಕೊಂಡಿದ್ದೀಯ. ಮೊದಲ ವಾರದಿಂದಲೇ ಅದು ಬಲಕ್ಕೆ ಎಳೆಯುತ್ತಿದೆ. ಡೀಲರ್‌ಷಿಪ್‌ನವರು ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ, ನೋಡಿ, ಅಳತೆಯ ಒಂದು ಹಾಳೆ ಕೈಗಿಟ್ಟು, ‘ಎಲ್ಲ ಸರಿಯಾಗಿದೆ’ ಎಂದು ಕಳುಹಿಸಿದ್ದಾರೆ. ‘ಇಲ್ಲಿ ಯಾರನ್ನು ಹಿಡಿದರೆ ಕೆಲಸ ಆಗುತ್ತದೆ ಅಕ್ಕಾ? ವೀಸಾದ ಮೇಲೆ ಬಂದವರು ಹೀಗೆಲ್ಲ ಪಟ್ಟು ಹಿಡಿಯಬಹುದೇ?’ ಎಂದು ಕೇಳಿದ್ದೀಯ. ಹೊಸದಾಗಿ ಹೋದ ನಮ್ಮ ಕಡೆಯ ಹುಡುಗರು, ಹುಡುಗಿಯರು ಅನೇಕರು ಇದನ್ನೇ ಕೇಳುತ್ತಾರೆ. ಹಾಗಾಗಿ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ಮೊದಲು ವೀಸಾದ ಭಯ ಬಿಡು. ಕೊಂಡ ವಸ್ತುವಿಗೆ ವಾರಂಟಿ ಕೇಳುವುದಕ್ಕೂ ವೀಸಾಕ್ಕೂ ಸಂಬಂಧವಿಲ್ಲ. ನಿನ್ನ ಪಕ್ಕದ ಮನೆಯಲ್ಲಿ ಹುಟ್ಟಿ ಬೆಳೆದ ಅಮೆರಿಕದವನಿಗೆ ಎಷ್ಟು ಹಕ್ಕಿದೆಯೋ ನಿನಗೂ ಅಷ್ಟೇ ಇದೆ. ಆದರೆ ನಮ್ಮವರಲ್ಲಿ ಹಬ್ಬಿರುವ ಒಂದು ಮಾತನ್ನು ನಂಬಬೇಡ. ಇಷ್ಟವಾಗದಿದ್ದರೆ ಮೂರು ದಿನದೊಳಗೆ ಕಾರನ್ನು ಹಿಂದಿರುಗಿಸಬಹುದು ಎನ್ನುವುದು ಷೋರೂಮಿನಲ್ಲಿ ಸಹಿ ಹಾಕಿ ತಂದ ಕಾರಿಗೆ ಅನ್ವಯಿಸುವುದಿಲ್ಲ. ಆ ನಿಯಮ ಇರುವುದು ಮನೆಬಾಗಿಲಿಗೆ ಬಂದು ಮಾರುವಂಥ ವ್ಯಾಪಾರಕ್ಕೆ. ನಿನ್ನ ಮುಂದೆ ಇರುವ ದಾರಿ ರಿಪೇರಿಯದೇ.

ಇನ್ನು ಯಾರನ್ನು ಹಿಡಿಯಬೇಕು ಎಂಬ ಮಾತು. ಚಿಕ್ಕಮಗಳೂರಿನಲ್ಲಾಗಿದ್ದರೆ ನಿನ್ನ ತಂದೆಯವರು ಷೋರೂಮಿನ ಮ್ಯಾನೇಜರನ್ನು ಬಲ್ಲ ಯಾರಿಗಾದರೂ ಒಂದು ಫೋನ್ ಮಾಡುತ್ತಿದ್ದರು, ಮಧ್ಯಾಹ್ನದೊಳಗೆ ಕಾರು ರ‍್ಯಾಂಪಿನ ಮೇಲೆ ಇರುತ್ತಿತ್ತು. ಅದನ್ನು ನಾನು ಹೀಗಳೆಯುವುದಿಲ್ಲ. ಮುಖ ನೋಡಿ ಕೆಲಸ ಮಾಡಿಕೊಡುವ ಊರಿನಲ್ಲಿ ಪರಿಚಯವೇ ಒಂದು ವಾರಂಟಿ. ಅಮೆರಿಕದಲ್ಲಿ ಹಾಗಲ್ಲ. ಕೌಂಟರಿನಲ್ಲಿ ನಗುತ್ತಾ ಮಾತನಾಡಿಸುವ ಸರ್ವೀಸ್ ಅಡ್ವೈಸರ್ ನಿನ್ನ ಕಾರನ್ನು ಓಡಿಸಿರುವುದಿಲ್ಲ, ಅದರ ಕೆಳಗೆ ತೂರಿರುವುದೂ ಇಲ್ಲ. ನೀನು ಮುಂದಿನ ಸಲ ಹೋಗುವಾಗ ಅವನು ಅಲ್ಲಿರುತ್ತಾನೆಂಬ ಭರವಸೆಯೂ ಇಲ್ಲ. ಉಳಿಯುವುದು ಅವನು ಕಂಪ್ಯೂಟರಿನಲ್ಲಿ ಟೈಪು ಮಾಡಿದ ಸಾಲು ಮಾತ್ರ. ರ‍್ಯಾಂಪಿನ ಬಳಿ ಇರುವ ಮೆಕ್ಯಾನಿಕ್ ಓದುವುದು ಅದನ್ನು, ಕಂಪನಿ ಓದುವುದೂ ಅದನ್ನೇ. ಆ ಸಾಲು ಸರಿಯಾಗಿ ಬೀಳುವಂತೆ ನೋಡಿಕೊಳ್ಳಬೇಕು. ಅದಕ್ಕೆ ಯಾರ ಶಿಫಾರಸೂ ಬೇಡ.

ನೀನು ಕಳುಹಿಸಿದ ಹಾಳೆಯ ಫೋಟೋವನ್ನು ಬಿ.ಎಂ. ರಸ್ತೆಯ ಒಂದು ವೀಲ್ ಅಲೈನ್‌ಮೆಂಟ್ ಅಂಗಡಿಯವರಿಗೆ ತೋರಿಸಿದೆ. ನಮ್ಮ ತಂದೆಯವರ ಕಾಲದಿಂದಲೂ ನಮ್ಮ ಮನೆಯ ಗಾಡಿಗಳನ್ನು ನೋಡುತ್ತಿರುವವರು ಅವರು. ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು, ಮೊಬೈಲಿನ ಪರದೆಯ ಮೇಲೆ ಎರಡು ಬೆರಳು ಹರಡಿ ಅಂಕಿಗಳನ್ನು ದೊಡ್ಡದು ಮಾಡಿದರು. ಅಳತೆ ಮಿತಿಯೊಳಗಿದೆ ಎಂದು ತೋರಿಸಲು ಹಾಳೆಯ ತುಂಬ ಇದ್ದ ಹಸಿರು ಬಣ್ಣದ ಕಡೆಗೆ ಅವರ ಗಮನವೇ ಹೋಗಲಿಲ್ಲ. ನೇರವಾಗಿ ಕ್ಯಾಂಬರ್ ಸಾಲಿಗೆ ಹೋದರು: ಎಡ ಮುಂಚಕ್ರದ್ದು ಮೈನಸ್ 0.5 ಡಿಗ್ರಿ, ಬಲದ್ದು ಪ್ಲಸ್ 0.4. ‘ಎರಡೂ ಕಂಪನಿ ಕೊಟ್ಟ ಮಿತಿಯೊಳಗೇ ಇವೆ ಅಮ್ಮಾ. ಆದರೆ ಒಂದು ಒಳಕ್ಕೆ ವಾಲಿದೆ, ಇನ್ನೊಂದು ಹೊರಕ್ಕೆ ವಾಲಿದೆ. ಗಾಡಿ ಬಲಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ?’ ಎಂದರು.

ಇದನ್ನು ನೀನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು, ಏಕೆಂದರೆ ನಿನ್ನ ಇಡೀ ವಾದ ನಿಂತಿರುವುದು ಇದರ ಮೇಲೆ. ಕಾರಿನ ಎದುರು ನಿಂತು ನೋಡಿದಾಗ ಚಕ್ರದ ಮೇಲ್ತುದಿ ಹೊರಕ್ಕೆ ವಾಲಿದ್ದರೆ ಕ್ಯಾಂಬರ್ ಪ್ಲಸ್, ಒಳಕ್ಕೆ ವಾಲಿದ್ದರೆ ಮೈನಸ್. ಯಾವ ಬದಿಯಲ್ಲಿ ಪ್ಲಸ್ ಹೆಚ್ಚೋ ಕಾರು ಆ ಬದಿಗೆ ಎಳೆಯುತ್ತದೆ. ಎಡಬಲಗಳ ನಡುವಿನ ಅಂತರ ಅರ್ಧ ಡಿಗ್ರಿ ದಾಟಿತೆಂದರೆ ಸಾಮಾನ್ಯವಾಗಿ ಎಳೆತ ಕೈಗೆ ಸಿಗುತ್ತದೆ. ನಿನ್ನದರಲ್ಲಿ ಅದು 0.9. ಕ್ಯಾಸ್ಟರ್ ಎನ್ನುವುದು ಚಕ್ರ ತಿರುಗುವ ಅಕ್ಷ ಹಿಂದಕ್ಕೆ ಎಷ್ಟು ಒರಗಿದೆ ಎಂಬ ಲೆಕ್ಕ. ಅದು ಯಾವ ಬದಿಯಲ್ಲಿ ಕಡಿಮೆಯೋ ಆ ಬದಿಗೆ ಎಳೆತ. ಟೋ ಎನ್ನುವುದು ಮೇಲಿನಿಂದ ನೋಡಿದಾಗ ಚಕ್ರಗಳ ಮುಂದಿನ ಅಂಚು ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ತಿರುಗಿದೆ ಎಂಬ ಲೆಕ್ಕ. ಅದು ತಪ್ಪಿದ್ದರೆ ಸ್ಟೀರಿಂಗ್ ಓರೆಯಾಗಬಹುದು, ಟೈರು ಬೇಗ ಸವೆಯಬಹುದು, ಆದರೆ ಬರೀ ಮುಂದಿನ ಟೋದಿಂದ ಕಾರು ಹೀಗೆ ಒಂದೇ ಕಡೆಗೆ ಎಳೆಯುವುದು ಅಪರೂಪ. ಈಗಿನ ಬಹಳಷ್ಟು ಕಾರುಗಳಲ್ಲಿ ಸುಲಭವಾಗಿ ತಿರುಗಿಸಿ ಸರಿಮಾಡಲು ಬರುವುದು ಈ ಟೋ ಒಂದೇ. ಅದನ್ನಷ್ಟು ಸರಿಮಾಡಿ, ಎಲ್ಲ ಹಸಿರು ಬಂತೆಂದು ಹಾಳೆ ಕೊಟ್ಟು ಕಳುಹಿಸಿದ್ದಾರೆ. ಕ್ಯಾಂಬರ್ ಸರಿಮಾಡಬೇಕಾದರೆ ಎಂಜಿನ್ ಕೆಳಗಿನ ಸಬ್‌ಫ್ರೇಮ್ ಎಂಬ ಚೌಕಟ್ಟಿನ ಬೋಲ್ಟುಗಳನ್ನು ಸಡಿಲಿಸಿ ಅದನ್ನು ಸರಿಸಬೇಕು, ಇಲ್ಲವೇ ಅದಕ್ಕೆಂದೇ ಇರುವ ಬೇರೆ ಬೋಲ್ಟುಗಳನ್ನು ಹಾಕಬೇಕು. ಅದು ಹೆಚ್ಚು ಹೊತ್ತಿನ ಕೆಲಸ. ವಾರಂಟಿ ಕೆಲಸಕ್ಕೆ ಇಷ್ಟೇ ಹೊತ್ತಿನ ಕೂಲಿ ಎಂದು ಕಂಪನಿ ಮೊದಲೇ ನಿಗದಿ ಮಾಡಿರುತ್ತದೆ. ಕೌಂಟರಿನ ಉದಾಸೀನಕ್ಕೆ ಅದೂ ಒಂದು ಕಾರಣ.

ಆದರೆ ಬಿ.ಎಂ. ರಸ್ತೆಯವರು ಇನ್ನೊಂದು ಮಾತನ್ನೂ ಸೇರಿಸಿದರು: ‘ಟೈರನ್ನೂ ನೋಡದೆ ಕ್ಯಾಂಬರೇ ಎಂದು ನಾನು ಆಣೆ ಇಡುವುದಿಲ್ಲ.’ ಅದು ಸರಿಯಾದ ಮಾತು. ಹೊಸ ಟೈರಿನಲ್ಲೂ ಒಳಪದರಗಳು ಸ್ವಲ್ಪ ಓರೆಯಾಗಿ ಕೂತಿದ್ದರೆ ಅದು ಒಂದು ಪಕ್ಕಕ್ಕೆ ಉರುಳಲು ನೋಡುತ್ತದೆ. ಮುಂದಿನ ಎರಡು ಟೈರುಗಳನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬದಲಾಯಿಸಿ ಓಡಿಸಿದರೆ ಉತ್ತರ ತಿಳಿಯುತ್ತದೆ. ಎಳೆತ ಎಡಕ್ಕೆ ತಿರುಗಿದರೆ ತಪ್ಪು ಟೈರಿನದು. ಬಲಕ್ಕೇ ಉಳಿದರೆ ಕಾರಿನದು. ಒಂದೇ ದಿಕ್ಕಿಗೆ ಉರುಳುವಂತೆ ಬಾಣದ ಗುರುತಿರುವ ಟೈರುಗಳನ್ನು ಹೀಗೆ ಬದಲಾಯಿಸಲಾಗದು. ಈ ಪರೀಕ್ಷೆಯನ್ನು ಅವರಿಂದಲೇ ಮಾಡಿಸು.

ಮತ್ತೆ ಡೀಲರ್‌ಷಿಪ್‌ಗೆ ಹೋಗುವ ಮುನ್ನ ಮನೆಯಲ್ಲಿ ಕೆಲವನ್ನು ನೋಡಿಕೋ. ಬೆಳಿಗ್ಗೆ ಕಾರು ಓಡಿಸುವ ಮುಂಚೆ ಟೈರುಗಳ ಗಾಳಿ ಅಳೆದು, ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿರುವಷ್ಟೇ ಇದೆಯೇ ನೋಡು. ಕಾರ್ಖಾನೆಯಿಂದ ಸಾಗಿಸುವಾಗ ಟೈರಿಗೆ ಹೆಚ್ಚು ಗಾಳಿ ತುಂಬಿರುತ್ತಾರೆ, ಡೀಲರ್ ಅದನ್ನು ಇಳಿಸಲು ಮರೆಯುವುದುಂಟು. ಕಾರನ್ನು ಲೇನಿನೊಳಗೇ ಇಡಲು ನೋಡುವ ಲೇನ್ ಅಸಿಸ್ಟನ್ನು ಪೂರ್ತಿ ಆರಿಸು. ಅದು ಸ್ಟೀರಿಂಗನ್ನು ತಾನೇ ತಿದ್ದುತ್ತಿದ್ದರೆ ನೀನು ಕಂಡದ್ದು ಯಾರದೆಂದು ಹೇಳಲಾಗದು. ರಸ್ತೆಯ ಇಳಿಜಾರನ್ನೂ ಗಮನಿಸು. ಮಳೆ ನೀರು ಹರಿದುಹೋಗಲೆಂದು ರಸ್ತೆಗೆ ಅಂಚಿನ ಕಡೆಗೆ ಇಳುಕಲು ಕೊಟ್ಟಿರುತ್ತಾರೆ. ಬೇಲೂರು ರಸ್ತೆಯಲ್ಲಿ ಓಡಿಸಿ ಪಳಗಿದ ನಿನ್ನ ಕೈಗೆ ಎಡಕ್ಕೆ ಜಾರುವುದು ರೂಢಿ. ನ್ಯೂಜೆರ್ಸಿಯಲ್ಲಿ ಬಲಬದಿಯಲ್ಲಿ ಓಡಿಸುವುದರಿಂದ ಜಾರುವುದೂ ಬಲಕ್ಕೆ. ಅದು ಎಲ್ಲ ಕಾರುಗಳಿಗೂ ಸ್ವಲ್ಪ ಇರುತ್ತದೆ. ಎಡಕ್ಕೆ ಇಳಿಜಾರಿರುವ ಲೇನಿನಲ್ಲೂ ನಿನ್ನ ಕಾರು ಬಲಕ್ಕೇ ಎಳೆದರೆ ರಸ್ತೆಯ ನೆಪ ಹೇಳುವಂತಿಲ್ಲ. ಪರೀಕ್ಷೆ ಮಾಡುವಾಗ ಹಿಡಿತ ಸಡಿಲಿಸು ಅಷ್ಟೇ, ಸ್ಟೀರಿಂಗಿನಿಂದ ಕೈ ತೆಗೆಯಬೇಡ.

ಈಗ ಮುಖ್ಯವಾದದ್ದು. ಕೌಂಟರಿನಲ್ಲಿ ‘ಅಲೈನ್‌ಮೆಂಟ್ ಮಾಡಿಕೊಡಿ’ ಎಂದು ಕೇಳಲೇಬೇಡ. ಹಾಗೆ ಕೇಳಿದರೆ ಅಲೈನ್‌ಮೆಂಟ್ ಮಾಡುತ್ತಾರೆ, ಹಾಳೆ ಕೊಡುತ್ತಾರೆ, ನಿನ್ನ ದೂರು ಅಲ್ಲಿಗೆ ಮುಗಿಯುತ್ತದೆ. ಮದ್ದು ಹೇಳಬೇಡ, ನೋವು ಹೇಳು. ‘ಗಂಟೆಗೆ 60 ಮೈಲಿ ವೇಗದಲ್ಲಿ, ಸಮತಟ್ಟಾದ ರಸ್ತೆಯಲ್ಲಿ, ಲೇನ್ ಅಸಿಸ್ಟ್ ಆರಿಸಿದ್ದಾಗಲೂ, ಹಿಡಿತ ಸಡಿಲಿಸಿದ ಕೂಡಲೇ ಕಾರು ಬಲಕ್ಕೆ ಎಳೆಯುತ್ತದೆ’ ಎಂದು ಹಿಂದಿನ ದಿನವೇ ಇಮೇಲ್ ಬರೆದು, ಅದೇ ಮಾತುಗಳು ರಿಪೇರ್ ಆರ್ಡರಿನಲ್ಲಿ ಇವೆಯೇ ಎಂದು ಸಹಿ ಹಾಕುವ ಮುನ್ನ ಓದು. ನಮ್ಮ ಕಡೆ ಜಾಬ್ ಕಾರ್ಡ್ ಎನ್ನುತ್ತೇವಲ್ಲ, ಅದೇ ಇದು. ‘ಗ್ರಾಹಕರು ಅಲೈನ್‌ಮೆಂಟ್ ಕೇಳಿದ್ದಾರೆ’ ಎಂದಿದ್ದರೆ ತಿದ್ದಿಸು. ಏನೂ ಕೆಲಸ ಮಾಡದೆ ಕಳುಹಿಸಿದರೂ ತಾರೀಕು, ಓಡಿದ ಮೈಲಿ, ಅವರು ಕಂಡದ್ದೇನು ಎಂಬ ಹಾಳೆ ಇಲ್ಲದೆ ಹೊರಡಬೇಡ.

ಆಮೇಲೆ ಕೇಳು: ‘ನಿಮ್ಮ ಫೋರ್‌ಮನ್ ನನ್ನ ಜೊತೆ ಕಾರಿನಲ್ಲಿ ಬರಬಹುದೇ?’ ಬಹಳ ಕಡೆ ಒಪ್ಪುತ್ತಾರೆ. ನನ್ನ ಹಿಂದಿನ ಕಾರಿಗೂ ಇಂಥದ್ದೇ ತೊಂದರೆಯಿತ್ತು. ಅಡ್ವೈಸರ್ ತಲೆಯಾಡಿಸುತ್ತಲೇ ಇದ್ದ. ಕೊನೆಗೆ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಸ್ಟೀರಿಂಗ್ ಹಿಂದೆ ಕೂರಿಸಿ ನಾನು ಪಕ್ಕದಲ್ಲಿ ಕುಳಿತೆ. ಹೆದ್ದಾರಿಗೆ ಏರಿ ಸ್ವಲ್ಪ ದೂರ ಹೋಗುವಷ್ಟರಲ್ಲೇ ಅವರು ಅಂಗೈಯನ್ನು ಹಗುರ ಮಾಡಿ, ಕಾರು ಲೇನಿನ ಗೆರೆಯ ಕಡೆಗೆ ಸರಿಯುವುದನ್ನು ನೋಡಿ, ‘ಹೌದು’ ಎಂದರು. ಅದು ಟೈರಿನ ದೋಷವೆಂದು ಅವರೇ ಪತ್ತೆ ಮಾಡಿ ಬದಲಾಯಿಸಿಕೊಟ್ಟರು. ಕೈಯಿಂದ ಕೆಲಸ ಮಾಡುವವರಿಗೆ ಸ್ಟೀರಿಂಗಿನಲ್ಲಿ ಎಳೆತ ಸಿಕ್ಕಿತೆಂದರೆ ಅವರು ಅದನ್ನು ಇಲ್ಲವೆನ್ನುವುದು ಕಷ್ಟ. ಬಿ.ಎಂ. ರಸ್ತೆಯವರ ಮೇಲೆ ನನಗಿರುವಷ್ಟೇ ಗೌರವ ಆ ಮನುಷ್ಯನ ಮೇಲೂ ಇದೆ.

ಅವರು ಕೊಡಬಹುದಾದ ಉತ್ತರಗಳಿಗೆ ಸಿದ್ಧವಾಗಿರು. ‘ಗುಂಡಿಗೆ ಇಳಿಸಿರಬೇಕು’ ಎನ್ನುತ್ತಾರೆ. ಚಳಿಗಾಲ ಕಳೆದ ಮೇಲೆ ನ್ಯೂಜೆರ್ಸಿಯ ರಸ್ತೆಗಳಲ್ಲಿ ಗುಂಡಿಗಳಿಗೆ ಬರವಿಲ್ಲ, ಹೊಡೆತದಿಂದ ಕೆಟ್ಟದ್ದಕ್ಕೆ ವಾರಂಟಿಯೂ ಇಲ್ಲ. ಆದ್ದರಿಂದ ನಾಲ್ಕೂ ರಿಮ್ಮುಗಳ ಫೋಟೋ ಇಂದೇ ತೆಗೆದಿಡು, ಮೊದಲ ದೂರಿನ ತಾರೀಕು ಮತ್ತು ಮೈಲಿ ತೋರಿಸು. ‘ಸಾವಿರ ಮೈಲಿ ಓಡಿದ ಮೇಲೆ ತಾನೇ ಸರಿಹೋಗುತ್ತದೆ’ ಎಂದರೆ ಅದನ್ನೇ ಬರೆದುಕೊಡಲು ಕೇಳು, ಬರೆದುಕೊಡುವುದಿಲ್ಲ. ‘ಮಿತಿಯೊಳಗಿದೆ’ ಎಂದರೆ ಎಡಬಲದ ಅಂತರಕ್ಕೆ ಕಂಪನಿ ಕೊಟ್ಟಿರುವ ಮಿತಿ ಎಷ್ಟು ಎಂದು ಕೇಳು. ನಿನ್ನ ಹಾಳೆಯಲ್ಲಿ ಆ ಸಾಲೇ ಇಲ್ಲ.

ತಡ ಮಾತ್ರ ಮಾಡಬೇಡ. ಕಾರಿನ ಸಾಮಾನ್ಯ ವಾರಂಟಿ ಹಲವು ಕಂಪನಿಗಳಲ್ಲಿ 3 ವರ್ಷ ಅಥವಾ 36,000 ಮೈಲಿ ಇದ್ದರೂ ಅಲೈನ್‌ಮೆಂಟಿಗೆ ಅದಕ್ಕಿಂತ ಬಹಳ ಕಡಿಮೆ ಅವಧಿ ಇಟ್ಟಿರುತ್ತಾರೆ. ಗ್ಲೋವ್ ಬಾಕ್ಸಿನಲ್ಲಿರುವ ವಾರಂಟಿ ಪುಸ್ತಕ ತೆಗೆದು ಅದೊಂದು ಪುಟ ಓದು.

ಇಷ್ಟಾದರೂ ಆಗದಿದ್ದರೆ ಸರ್ವೀಸ್ ಮ್ಯಾನೇಜರ್, ಅವರ ನಂತರ ಕಾರು ಕಂಪನಿಯ ಗ್ರಾಹಕ ವಿಭಾಗ. ಅಲ್ಲಿ ಕೇಸ್ ನಂಬರ್ ಪಡೆದು, ಅದನ್ನು ಡೀಲರಿಗೂ ತಿಳಿಸು. ಅದೇ ಕಂಪನಿಯ ಇನ್ನೊಂದು ಡೀಲರ್‌ಷಿಪ್‌ಗೂ ಹೋಗಬಹುದು, ಕೊಂಡ ಕಡೆಯೇ ರಿಪೇರಿ ಮಾಡಿಸಬೇಕೆಂಬ ಕಟ್ಟಳೆಯಿಲ್ಲ. ಹೊರಗಿನ ಅಂಗಡಿಯಲ್ಲಿ ಕೈಯಿಂದ ಹಣ ಕೊಟ್ಟು ಅಳತೆ ಮಾಡಿಸಿದರೆ ವಾರಂಟಿ ಹೋಗುತ್ತದೆ ಎಂದು ಹೆದರಿಸಿದರೆ ಹೆದರಬೇಡ. ಅಷ್ಟಕ್ಕೇ ವಾರಂಟಿ ರದ್ದು ಮಾಡಲು ವಾರಂಟಿ ಕುರಿತ ಅಮೆರಿಕದ 1975ರ ಮ್ಯಾಗ್ನುಸನ್–ಮಾಸ್ ಕಾಯ್ದೆ ಬಿಡುವುದಿಲ್ಲ. ಆದರೆ ಅಲ್ಲಿ ಅಳತೆ ಮಾತ್ರ ಮಾಡಿಸು, ಏನನ್ನೂ ತಿರುಗಿಸಲು ಬಿಡಬೇಡ.

ರಿಪೇರಿಯಾದರೂ ದೋಷ ಹೋಗದ ಹೊಸ ಕಾರು ಕೊಂಡವರಿಗೆ ರಕ್ಷಣೆ ಕೊಡುವ ಕಾನೂನಾದ ಲೆಮನ್ ಲಾ ಬಗ್ಗೆಯೂ ಕೇಳಿದ್ದೀಯ. ನ್ಯೂಜೆರ್ಸಿಯಲ್ಲಿ ಅದು ಮೊದಲ 2 ವರ್ಷ ಅಥವಾ 24,000 ಮೈಲಿಯೊಳಗೆ ಕಾಣಿಸಿಕೊಂಡ ದೋಷಗಳಿಗೆ ಅನ್ವಯಿಸುತ್ತದೆ. ಒಂದೇ ದೋಷಕ್ಕೆ 3 ಸಲ ರಿಪೇರಿ ಮಾಡಿಯೂ ಆಗದಿದ್ದರೆ, ಅಥವಾ ಕಾರು ಒಟ್ಟು 20 ದಿನ ಗ್ಯಾರೇಜಿನಲ್ಲೇ ನಿಂತಿದ್ದರೆ, ಕಂಪನಿಗೆ ಸರ್ಟಿಫೈಡ್ ಅಂಚೆಯಲ್ಲಿ ಪತ್ರ ಬರೆದು ಕೊನೆಯ ಅವಕಾಶ ಕೊಡಬೇಕು. ಆದರೆ ದೋಷವು ಕಾರಿನ ಬಳಕೆ, ಬೆಲೆ ಅಥವಾ ಸುರಕ್ಷತೆಗೆ ಗಣನೀಯ ಧಕ್ಕೆ ತರುವಂಥದ್ದೆಂದು ತೋರಿಸಬೇಕಾಗುತ್ತದೆ. ಸ್ವಲ್ಪ ಎಳೆಯುವ ಕಾರಿಗೆ ಅದು ಸುಲಭವಲ್ಲ. ಹಾಗಾಗಿ ಮೊದಲ ಭೇಟಿಯಲ್ಲೇ ಆ ಹೆಸರೆತ್ತಬೇಡ. ಎತ್ತಿದರೆ ನಿನ್ನೊಂದಿಗೆ ಮನಬಿಚ್ಚಿ ಮಾತನಾಡುತ್ತಿದ್ದವರು ಅಳೆದು ಸುರಿದು ಮಾತನಾಡತೊಡಗುತ್ತಾರೆ. ಹಾಳೆಗಳನ್ನು ಮಾತ್ರ ತಾರೀಕಿನ ಕ್ರಮದಲ್ಲಿ ಜೋಡಿಸಿಡು.

ಅಲ್ಲಿಯವರೆಗೆ ವಾರಕ್ಕೊಮ್ಮೆ ಮುಂದಿನ ಟೈರುಗಳ ಮೇಲೆ ಅಂಗೈ ಸವರಿ ನೋಡು, ಒಳಗಿನಿಂದ ಹೊರಕ್ಕೆ ಒಮ್ಮೆ, ಹೊರಗಿನಿಂದ ಒಳಕ್ಕೆ ಒಮ್ಮೆ. ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದಕ್ಕೆ ಗರಗಸದಂತೆ ಕೈಗೆ ತಾಗಿದರೆ ಟೋ ಕೂಡ ಸರಿಯಿಲ್ಲ ಎಂದರ್ಥ. ಹಾಗಿದ್ದರೆ ಫೋಟೋ ತೆಗೆದು ಅದನ್ನೂ ಇಮೇಲಿಗೆ ಸೇರಿಸು, ಸವೆದ ಟೈರಿನ ಖರ್ಚನ್ನೂ ಅವರೇ ಭರಿಸಬೇಕೆಂದು ಅದರಲ್ಲೇ ಬರೆ.