ಮೊದಲು ಗುಣಿಸಬೇಕೋ, ಭಾಗಿಸಬೇಕೋ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 8÷2(2+2) ಎಂಬ ಲೆಕ್ಕ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ನಮ್ಮಲ್ಲಿ ಕೆಲವರು 16 ಅಂತಾರೆ, ಕೆಲವರು 1 ಅಂತಾರೆ. ಎಲ್ಲರೂ ಯಾವ ಕ್ರಿಯೆ ಮೊದಲು ಎಂದು ಹೇಳುವ ಬೋಡ್‌ಮಾಸ್ ನಿಯಮದಂತೆಯೇ ಮಾಡಿದ್ದೇವೆ ಎನ್ನುತ್ತಾರೆ. ಯಾರದ್ದು ಸರಿ?

ಉತ್ತರ: ಆವರಣದೊಳಗಿನದನ್ನು ಮೊದಲು ಮಾಡಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. 2+2 ಮುಗಿಸಿದರೆ 8÷2(4) ಉಳಿಯುತ್ತದೆ. ದಾರಿ ಕವಲೊಡೆಯುವುದು ಇಲ್ಲಿ. 2ಕ್ಕೂ (4)ಕ್ಕೂ ನಡುವೆ ಗುಣಾಕಾರದ ಚಿಹ್ನೆ ಇಲ್ಲ. ಚಿಹ್ನೆ ಬರೆಯದಿದ್ದರೂ ಅದು ಮಾಮೂಲಿ ಗುಣಾಕಾರವೇ ಎಂದುಕೊಂಡವರು 8÷2×4 ಎಂದು ಓದಿ, ಎಡದಿಂದ ಬಲಕ್ಕೆ ಹೋಗಿ, 4×4 ಅಂದರೆ 16 ಪಡೆಯುತ್ತಾರೆ. ಅಂಟಿಕೊಂಡಿರುವ 2(4) ಒಂದೇ ಗಂಟು ಎಂದುಕೊಂಡವರು 8÷8 ಮಾಡಿ 1 ಎನ್ನುತ್ತಾರೆ. ಬೋಡ್‌ಮಾಸ್‌ನ ಆರು ಅಕ್ಷರಗಳಲ್ಲಿ ಚಿಹ್ನೆಯಿಲ್ಲದ ಗುಣಾಕಾರಕ್ಕೆ ಬೇರೆ ಅಕ್ಷರವೇ ಇಲ್ಲ. ಹಾಗಾಗಿ ನಿಯಮ ಪಾಲಿಸಿದ್ದೇವೆ ಎಂಬ ಎರಡೂ ಕಡೆಯವರ ಮಾತು ನಿಜ.

1 ಎಂದವರನ್ನು ನೋಡಿ ನಗುವ ಹಾಗಿಲ್ಲ. ಗೊತ್ತಿಲ್ಲದ ಒಂದು ಸಂಖ್ಯೆಯನ್ನು 'ಕ' ಎಂದಿಟ್ಟುಕೊಳ್ಳಿ. 6ಕ÷2ಕ ಎಂದು ಕಂಡರೆ ಬೀಜಗಣಿತ ಕಲಿತ ಬಹುತೇಕರು ಕಣ್ಣು ಮಿಟುಕಿಸದೆ 3 ಎಂದು ಬರೆಯುತ್ತಾರೆ. ಎಡದಿಂದ ಬಲಕ್ಕೆ ಎಂಬ ಮಾತನ್ನು ಅಕ್ಷರಶಃ ಹಿಡಿದಿದ್ದರೆ 6ಕ÷2×ಕ ಎಂದಾಗಿ 3ಕ² ಬರಬೇಕಿತ್ತು. ಪಠ್ಯಪುಸ್ತಕದ ನಿಯಮಕ್ಕೂ ಬೀಜಗಣಿತ ಬರೆಯುವವರ ರೂಢಿಗೂ ಹೀಗೆ ತಾಳೆಯಾಗುವುದಿಲ್ಲ ಎಂದು ಗಣಿತಜ್ಞ ಎನ್. ಜೆ. ಲೆನ್ನೆಸ್ 1917ರಲ್ಲೇ 'ಅಮೆರಿಕನ್ ಮ್ಯಾಥಮೆಟಿಕಲ್ ಮಂತ್ಲಿ'ಯಲ್ಲಿ ಬರೆದಿದ್ದರು. ಭೌತಶಾಸ್ತ್ರದ 'ಫಿಸಿಕಲ್ ರಿವ್ಯೂ' ಪತ್ರಿಕೆಗಳು ತಮ್ಮ ಲೇಖಕರಿಗೆ ಕೊಡುವ ಸೂಚನೆಯಲ್ಲೂ ಓರೆಗೆರೆಯಿಂದ ಬರೆದ ಭಾಗಾಕಾರಕ್ಕಿಂತ ಗುಣಾಕಾರ ಮೊದಲು ಎಂದಿದೆ.

ನಮ್ಮ ತೀರ್ಪು ಕೇಳುವುದಾದರೆ, ತಪ್ಪು ಲೆಕ್ಕ ಬರೆದವರದ್ದು. 16 ಬೇಕಿದ್ದರೆ (8÷2)×(2+2) ಎಂದು ಬರೆಯಬೇಕಿತ್ತು, 1 ಬೇಕಿದ್ದರೆ 8÷(2×(2+2)) ಎಂದು. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 80000 ಈ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು: ÷ ಚಿಹ್ನೆಯನ್ನೇ ಬಳಸಬೇಡಿ, ಓರೆಗೆರೆಯ ನಂತರ ಅದೇ ಸಾಲಿನಲ್ಲಿ ಮತ್ತೆ ಗುಣಾಕಾರವೋ ಭಾಗಾಕಾರವೋ ಬಂದರೆ ಆವರಣ ಹಾಕಿ ಎನ್ನುತ್ತದೆ.

ಪ್ರಶ್ನೆ: ಬೋಡ್‌ಮಾಸ್‌ನಲ್ಲಿ ಭಾಗಾಕಾರದ 'ಡಿ' ಮೊದಲು ಬರುತ್ತದೆ. ಅದೇ ನಿಯಮವನ್ನು ಪೆಮ್‌ಡಾಸ್ ಎಂದು ಕಲಿತವರಿಗೆ ಗುಣಾಕಾರದ 'ಎಂ' ಮೊದಲು. ಎರಡೂ ಸರಿ ಎಂದರೆ ಹೇಗೆ? ಮಕ್ಕಳಿಗೆ ಹೇಳಿಕೊಡುವಾಗ ಗೊಂದಲವಾಗುತ್ತಿದೆ.

ಉತ್ತರ: ಆರು ಅಕ್ಷರ ನೋಡಿ ಆರು ಮೆಟ್ಟಿಲು ಎಂದುಕೊಳ್ಳುವುದೇ ಗೊಂದಲದ ಮೂಲ. ಇರುವುದು ನಾಲ್ಕೇ ಮೆಟ್ಟಿಲು: ಆವರಣ, ಘಾತ, ಗುಣಾಕಾರ–ಭಾಗಾಕಾರ ಜೋಡಿ, ಸಂಕಲನ–ವ್ಯವಕಲನ ಜೋಡಿ. ಜೋಡಿಯೊಳಗೆ ಹಿರಿಯ, ಕಿರಿಯ ಎಂಬುದಿಲ್ಲ. ಎಡದಿಂದ ಯಾವುದು ಮೊದಲು ಸಿಗುತ್ತದೋ ಅದು ಮೊದಲು. 24÷4×3 ಎಂದರೆ 6×3, ಅಂದರೆ 18. 2 ಅಲ್ಲ.

ಎರಡನೆಯ ಜೋಡಿಯಲ್ಲೂ ಮಕ್ಕಳು ಎಡವುತ್ತಾರೆ. ಬೋಡ್‌ಮಾಸ್‌ನಲ್ಲಿ 'ಎ' ಆದಮೇಲೆ 'ಎಸ್' ಇರುವುದರಿಂದ 10−4+3ರಲ್ಲಿ ಮೊದಲು 4+3 ಕೂಡಿ, 10ರಲ್ಲಿ 7 ಕಳೆದು, 3 ಎಂದು ಬರೆಯುತ್ತಾರೆ. ಸರಿಯಾದ ಉತ್ತರ 9. ಚಿಹ್ನೆ ಯಾವಾಗಲೂ ತನ್ನ ಬಲಗಡೆಯ ಸಂಖ್ಯೆಗೆ ಸೇರಿದ್ದು ಎಂದು ಹೇಳಿಕೊಡಿ. ಸಾಲಿನಲ್ಲಿರುವುದು 10, −4, +3 ಎಂಬ ಮೂರು ತುಂಡು. ಚಿಹ್ನೆ ಸಮೇತ ಎತ್ತಿಟ್ಟರೆ 10+3−4 ಎಂದು ಹಿಂದೆ ಮುಂದೆ ಮಾಡಿದರೂ 9 ಬದಲಾಗುವುದಿಲ್ಲ.

ಮಗು ಎಲ್ಲಿ ತಪ್ಪಿದೆ ಎಂದು ಕಂಡುಹಿಡಿಯಲು ಈ ಒಂದು ಲೆಕ್ಕ ಸಾಕು: 36−12÷3×2+5. ಸರಿಯಾದ ಕ್ರಮದಲ್ಲಿ 12÷3=4, 4×2=8, 36−8=28, 28+5=33. ಉತ್ತರ 39 ಬಂದಿದ್ದರೆ ಭಾಗಿಸುವ ಮೊದಲು 3×2 ಗುಣಿಸಿದ್ದಾರೆ. 23 ಬಂದಿದ್ದರೆ ಕಳೆಯುವ ಮೊದಲು 8+5 ಕೂಡಿದ್ದಾರೆ. 29 ಬಂದಿದ್ದರೆ ಎರಡೂ ತಪ್ಪು ಒಟ್ಟಿಗೆ ಆಗಿವೆ. 21 ಬಂದರೆ ಯಾವ ಮೆಟ್ಟಿಲನ್ನೂ ಲೆಕ್ಕಿಸದೆ ಎಡದಿಂದ ಸೀದಾ ನಡೆದುಬಿಟ್ಟಿದ್ದಾರೆ. ಬರೀ ಕೆಂಪು ಗೀಟು ಎಳೆಯುವ ಬದಲು ಉತ್ತರದ ಅಂಕಿಯನ್ನು ನೋಡಿದರೆ ಯಾವುದನ್ನು ಮತ್ತೆ ಹೇಳಿಕೊಡಬೇಕು ಎಂಬುದು ತಿಳಿಯುತ್ತದೆ. ಒಂದು ಸಾಲಿಗೆ ಒಂದೇ ಕ್ರಿಯೆ, ಉಳಿದದ್ದನ್ನು ಹಾಗೆಯೇ ಕೆಳಗಿಳಿಸಿ ಬರೆಯುವುದು ಎಂಬ ಅಭ್ಯಾಸ ಮಾಡಿಸಿದರೆ ಅರ್ಧ ತಪ್ಪು ತಾನಾಗಿಯೇ ನಿಲ್ಲುತ್ತದೆ.

ಪ್ರಶ್ನೆ: ಬೋಡ್‌ಮಾಸ್‌ನ 'ಓ' ಎಂದರೆ ಏನು? ಒಂದು ಪುಸ್ತಕದಲ್ಲಿ 'ಆಫ್' ಎಂದಿದೆ, ಇನ್ನೊಂದರಲ್ಲಿ 'ಆರ್ಡರ್' ಎಂದಿದೆ.

ಉತ್ತರ: ಎರಡೂ ಬಳಕೆಯಲ್ಲಿವೆ. 'ಆರ್ಡರ್' ಎಂದರೆ ವರ್ಗ, ಘನ, ಮೂಲ ಮುಂತಾದವು. 'ಆಫ್' ಎಂದರೆ ಕನ್ನಡದ 'ರ' ಪ್ರತ್ಯಯ: 6ರ ಅರ್ಧ, 20ರ ಕಾಲು. 'ಆಫ್' ಎಂದು ಹೇಳಿಕೊಡುವ ಪುಸ್ತಕಗಳಲ್ಲಿ ಅದು ಭಾಗಾಕಾರಕ್ಕಿಂತ ಮೊದಲು. 12 ÷ (6ರ ½) ಎಂದರೆ 12÷3, ಅಂದರೆ 4. ಅದೇ ಜಾಗದಲ್ಲಿ ಗುಣಾಕಾರದ ಚಿಹ್ನೆ ಇಟ್ಟು 12÷½×6 ಎಂದರೆ 24×6, ಅಂದರೆ 144. 'ಆರರ ಅರ್ಧ' ಎಂದು ಬಾಯಲ್ಲಿ ಹೇಳಿದಾಗ ಅದು ಒಂದೇ ಪದದಂತೆ ಕೇಳಿಸುತ್ತದಲ್ಲ, ಓದಬೇಕಾದದ್ದೂ ಹಾಗೆಯೇ.

ಪ್ರಶ್ನೆ: ಎರಡು ಕ್ಯಾಲ್ಕ್ಯುಲೇಟರ್ ಇವೆ. ಒಂದರಲ್ಲಿ 2+3×4 ಒತ್ತಿದರೆ 14, ಇನ್ನೊಂದರಲ್ಲಿ 20. ಒಂದು ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಸಾದಾ ಕ್ಯಾಲ್ಕ್ಯುಲೇಟರ್ ಇಡೀ ಸಾಲನ್ನು ನೋಡುವುದಿಲ್ಲ. × ಒತ್ತಿದ ಕ್ಷಣಕ್ಕೇ ಅದುವರೆಗಿನ 2+3 ಮುಗಿಸಿ 5 ಇಟ್ಟುಕೊಳ್ಳುತ್ತದೆ, ಅದಕ್ಕೇ 20. ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಸಾಲು ಮುಗಿಯುವ ತನಕ ಕಾಯುತ್ತದೆ. ವಿಂಡೋಸ್ ಕಂಪ್ಯೂಟರಿನ ಕ್ಯಾಲ್ಕ್ಯುಲೇಟರ್ ಒಂದರಲ್ಲೇ ಈ ಎರಡೂ ಗುಣ ಕಾಣಬಹುದು: ಸ್ಟ್ಯಾಂಡರ್ಡ್ ವಿಧಾನದಲ್ಲಿ 20, ಸೈಂಟಿಫಿಕ್ ವಿಧಾನದಲ್ಲಿ 14.

ಸಾದಾ ಯಂತ್ರದಲ್ಲಿ 2×3+4×5 ಮಾಡಬೇಕಿದ್ದರೆ ನೆನಪಿನ ಗುಂಡಿಗಳನ್ನು ಬಳಸಿ. ಮೊದಲು 'ಎಂಸಿ' ಒತ್ತಿ ಹಳೆಯದನ್ನು ಅಳಿಸಿ. ಆಮೇಲೆ 2×3 ಒತ್ತಿ 'ಎಂ+', 4×5 ಒತ್ತಿ 'ಎಂ+', ಕೊನೆಗೆ 'ಎಂಆರ್'. 26 ಬರುತ್ತದೆ. ಸೀದಾ ಒತ್ತುತ್ತ ಹೋದರೆ 50 ಬರುತ್ತದೆ. ಹಳೆಯ ನೆನಪನ್ನು ಅಳಿಸದೆ ಶುರು ಮಾಡಿದರೆ ಎರಡೂ ಅಲ್ಲದ ಮೂರನೆಯದು.

ಸೈಂಟಿಫಿಕ್ ಯಂತ್ರಗಳ ನಡುವೆಯೂ ಒಮ್ಮತ ಇಲ್ಲ. 6÷2(1+2) ಎಂದು ಒತ್ತಿದರೆ ಕ್ಯಾಸಿಯೋ ಎಫ್‌ಎಕ್ಸ್-991ಇಎಕ್ಸ್ ತಾನೇ ಆವರಣ ಸೇರಿಸಿ, 6÷(2(1+2)) ಎಂದು ತೋರಿಸಿ, 1 ಕೊಡುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-84 ಪ್ಲಸ್ 9 ಕೊಡುತ್ತದೆ. ಅದೇ ಕಂಪನಿಯ ಹಳೆಯ ಟಿಐ-82 ಚಿಹ್ನೆಯಿಲ್ಲದ ಗುಣಾಕಾರವನ್ನು ಮೊದಲು ಮಾಡುತ್ತಿತ್ತು, ಟಿಐ-83ರಿಂದ ಕ್ರಮ ಬದಲಾಯಿತು. ಪರೀಕ್ಷೆಗೆ ಹೊಸ ಯಂತ್ರ ಒಯ್ಯುವವರು ಹಿಂದಿನ ದಿನವೇ ಈ ಒಂದು ಲೆಕ್ಕ ಒತ್ತಿ ನೋಡಿಕೊಳ್ಳಲಿ.

ಪ್ರಶ್ನೆ: ಎಕ್ಸೆಲ್‌ನಲ್ಲಿ =-2^2 ಎಂದು ಕೊಟ್ಟರೆ (^ ಎಂದರೆ ಘಾತ) 4 ಬರುತ್ತದೆ. ನೋಟ್‌ಬುಕ್ಕಿನಲ್ಲಿ −2² ಎಂದರೆ −4 ಅಲ್ಲವೇ?

ಉತ್ತರ: ನೋಟ್‌ಬುಕ್ಕಿನ ರೂಢಿಯಲ್ಲಿ −4 ಸರಿ. ಮೊದಲು 2ರ ವರ್ಗ, ಆಮೇಲೆ ಋಣ. ಎಕ್ಸೆಲ್ ಮಾತ್ರ ಸಂಖ್ಯೆಯ ಮುಂದೆ ಒಂಟಿಯಾಗಿ ನಿಂತ ಋಣ ಚಿಹ್ನೆಗೆ ಘಾತಕ್ಕಿಂತ ಮೇಲಿನ ಸ್ಥಾನ ಕೊಟ್ಟಿದೆ, ಹಾಗಾಗಿ −2 ಅನ್ನೇ ವರ್ಗ ಮಾಡುತ್ತದೆ. ವಿಚಿತ್ರವೆಂದರೆ =0-2^2 ಎಂದು ಕೊಟ್ಟರೆ ಅದೇ ಎಕ್ಸೆಲ್ −4 ಎನ್ನುತ್ತದೆ, ಏಕೆಂದರೆ ಅಲ್ಲಿ ಆ ಗೀಟು ಋಣ ಚಿಹ್ನೆಯಲ್ಲ, ಕಳೆಯುವ ಚಿಹ್ನೆ. ಘಾತಕ್ಕೆ ** ಬರೆಯುವ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ -2**2 ಎಂದರೆ −4. ಜಾವಾಸ್ಕ್ರಿಪ್ಟ್ ಭಾಷೆ ಇನ್ನೂ ಹುಷಾರು: ಆವರಣ ಹಾಕದಿದ್ದರೆ ತಪ್ಪು ಎಂದು ಹೇಳಿ ಲೆಕ್ಕವನ್ನೇ ಮಾಡುವುದಿಲ್ಲ. ನಮಗೆ ಮೆಚ್ಚುಗೆಯಾಗುವುದು ಇದೇ. ಘಾತದ ಮೇಲೆ ಘಾತ ಬಂದಾಗಲೂ ಎಚ್ಚರ ಬೇಕು. 2^3^2 ಎಂಬುದನ್ನು ಎಕ್ಸೆಲ್ ಎಡದಿಂದ ಮಾಡಿ 8ರ ವರ್ಗ 64 ಎನ್ನುತ್ತದೆ. ಗಣಿತದ ರೂಢಿಯಲ್ಲಿ ಮೇಲಿನಿಂದ ಇಳಿಯಬೇಕು, 2ರ ಘಾತ 9 ಎಂದರೆ 512. 2**3**2 ಎಂದು ಬರೆದರೆ ಪೈಥಾನ್ ಕೊಡುವುದೂ 512.

ಇನ್ನೊಂದು ಮಾತು. ಕಾಗದದ ಸೂತ್ರವನ್ನು ಒಂದೇ ಸಾಲಿಗೆ ಇಳಿಸುವಾಗ ಕಳೆದುಹೋಗುವುದು ಭಿನ್ನರಾಶಿಯ ಅಡ್ಡಗೆರೆ. ಆ ಗೆರೆ ಬರೀ ಭಾಗಾಕಾರವಲ್ಲ, ಮೇಲಿನ ಅಂಶಕ್ಕೂ ಕೆಳಗಿನ ಛೇದಕ್ಕೂ ಅದೇ ಆವರಣ. 70, 80, 90ರ ಸರಾಸರಿಯನ್ನು 70+80+90/3 ಎಂದು ಬರೆದರೆ 180 ಬರುತ್ತದೆ. (70+80+90)/3 ಎಂದರೆ 80. ಇಂಥ ತಪ್ಪು ಕಣ್ಣಿಗೆ ಬೀಳುತ್ತದೆ, ಏಕೆಂದರೆ ಸರಾಸರಿ 90ನ್ನು ಮೀರಲಾರದು. ಬೀಳದ ತಪ್ಪುಗಳೂ ಇವೆ. ಫ್ಯಾರನ್‌ಹೀಟ್‌ನ 98.6 ಡಿಗ್ರಿಯನ್ನು ಸೆಲ್ಸಿಯಸ್‌ಗೆ ಬದಲಿಸಲು (98.6−32)×5/9 ಬೇಕು, ಉತ್ತರ 37. ಆವರಣ ಮರೆತು 98.6−32×5/9 ಎಂದರೆ ಸುಮಾರು 80.8. ಅದು ದೇಹದ ಬಿಸಿ ಎಂದು ಗೊತ್ತಿದ್ದವರಿಗೆ ತಕ್ಷಣ ಅನುಮಾನ ಬರುತ್ತದೆ, ನೂರಾರು ಸಾಲುಗಳ ಪಟ್ಟಿಯ ನಡುವೆ ಕುಳಿತರೆ ಯಾರಿಗೂ ಬರುವುದಿಲ್ಲ.

ಪ್ರಶ್ನೆ: ಮೊಬೈಲಿನಲ್ಲಿ 200+10% ಎಂದರೆ 220, ಎಕ್ಸೆಲ್‌ನಲ್ಲಿ 200.1. ಯಾಕೆ?

ಉತ್ತರ: ಎಕ್ಸೆಲ್‌ಗೆ 10% ಎಂದರೆ 0.1, ಅಷ್ಟೇ. ಅನೇಕ ಮೊಬೈಲ್ ಕ್ಯಾಲ್ಕ್ಯುಲೇಟರ್‌ಗಳು ಅದನ್ನು 'ಹಿಂದಿನ ಸಂಖ್ಯೆಯ ಶೇ. 10' ಎಂದು ಅರ್ಥ ಮಾಡಿಕೊಳ್ಳುತ್ತವೆ. ಎಲ್ಲ ಕಡೆಯೂ ಒಂದೇ ಉತ್ತರ ಬೇಕಿದ್ದರೆ 200×1.1 ಎಂದು ಒತ್ತಿ.

ಪ್ರಶ್ನೆ: ಕೂಡುವುದಕ್ಕಿಂತ ಗುಣಿಸುವುದು ಮೊದಲು ಎಂದು ಯಾರು ಹೇಳಿದರು? ಸುಮ್ಮನೆ ಎಡದಿಂದ ಬಲಕ್ಕೆ ಮಾಡಿದರೆ ಜಗಳವೇ ಇರುವುದಿಲ್ಲವಲ್ಲ.

ಉತ್ತರ: ಒಬ್ಬರು ಕೂತು ಮಾಡಿದ ಕಾನೂನಲ್ಲ ಇದು. ಚಿಹ್ನೆಗಳು ಬಂದದ್ದೇ ಬಿಡಿಬಿಡಿಯಾಗಿ: ಸಮ ಚಿಹ್ನೆಯನ್ನು ರಾಬರ್ಟ್ ರೆಕಾರ್ಡ್ 1557ರಲ್ಲಿ, × ಅನ್ನು ವಿಲಿಯಂ ಆಟ್ರೆಡ್ 1631ರಲ್ಲಿ, ಭಾಗಾಕಾರಕ್ಕೆ ÷ ಅನ್ನು ಯೋಹಾನ್ ರಾನ್ 1659ರಲ್ಲಿ ಮುದ್ರಿಸಿದರು. ಓದುವ ಕ್ರಮ ಬಳಕೆಯಲ್ಲಿ ಬೆಳೆಯಿತು. ಬೆಳೆದದ್ದಕ್ಕೆ ಕಾರಣ ನಾವು ಸಂಖ್ಯೆ ಬರೆಯುವ ರೀತಿಯಲ್ಲೇ ಇದೆ. 347 ಎಂದರೆ 3×100+4×10+7. ಗುಣಾಕಾರ ಮೊದಲು ಎಂದಿರುವುದರಿಂದ ಇಲ್ಲಿ ಒಂದೂ ಆವರಣ ಬೇಕಿಲ್ಲ. ಸೀದಾ ಎಡದಿಂದ ನಡೆದರೆ 300+4=304, 304×10=3040, ಕೊನೆಗೆ 3047. ಬೀಜಗಣಿತದ 3ಕ²+2ಕ+5 ಕೂಡ ಇದೇ ಅಚ್ಚಿನದು.

ಹಾಗೆಂದು ಬೇರೆ ಕ್ರಮ ಅಸಾಧ್ಯವೇನಲ್ಲ. ಸ್ಮಾಲ್‌ಟಾಕ್ ಎಂಬ ಕಂಪ್ಯೂಟರ್ ಭಾಷೆ ನೀವು ಹೇಳಿದಂತೆಯೇ ಎಡದಿಂದ ಬಲಕ್ಕೆ ಹೋಗುತ್ತದೆ, 2+3*4 ಎಂದರೆ ಅಲ್ಲಿ 20. ಎಪಿಎಲ್ ಭಾಷೆ ಬಲದಿಂದ ಎಡಕ್ಕೆ, 2×3+4 ಎಂದರೆ 14. 1972ರ ಎಚ್‌ಪಿ-35 ಕ್ಯಾಲ್ಕ್ಯುಲೇಟರಿನಲ್ಲಿ ಸಮ ಚಿಹ್ನೆಯ ಗುಂಡಿಯೂ ಇರಲಿಲ್ಲ, ಆವರಣದ ಗುಂಡಿಯೂ ಇರಲಿಲ್ಲ. ಸಂಖ್ಯೆಗಳು ಮೊದಲು, ಕ್ರಿಯೆ ಆಮೇಲೆ. ಮೊದಲ ಪ್ರಶ್ನೆಯ ಜಗಳವನ್ನು ಅದರ ಮುಂದಿಟ್ಟರೆ ಯಂತ್ರ ತೀರ್ಪು ಕೊಡುವುದಿಲ್ಲ, ಒತ್ತುವವರೇ ತೀರ್ಮಾನಿಸಿರಬೇಕು. 16 ಬೇಕಿದ್ದವರು 8 'ಎಂಟರ್' 2 ÷ 2 'ಎಂಟರ್' 2 + × ಎಂದು ಒತ್ತುತ್ತಾರೆ. 1 ಬೇಕಿದ್ದವರು 8 'ಎಂಟರ್' 2 'ಎಂಟರ್' 2 'ಎಂಟರ್' 2 + × ÷ ಎಂದು.