ಶಿಂಟೋ ಬರೀ ಪ್ರಕೃತಿ ಪೂಜೆಯೇ?

ಪುತ್ತೂರಿನ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ: "ಮಗಳು ಯೋಕೊಹಾಮಾದಲ್ಲಿ ಕೆಲಸದಲ್ಲಿದ್ದಾಳೆ. ಅವಳ ಜಪಾನಿ ಗೆಳತಿ ತನಗೆ ಧರ್ಮವೇ ಇಲ್ಲ ಅನ್ನುತ್ತಾಳಂತೆ. ಆದರೆ ಹೊಸ ವರ್ಷಕ್ಕೆ ಶಿಂಟೋ ಗುಡಿಗೆ ಹೋಗುವುದನ್ನು ತಪ್ಪಿಸುವುದಿಲ್ಲ. ಇದೆಂಥದು? ಶಿಂಟೋ ಅಂದರೆ ಪ್ರಕೃತಿ ಪೂಜೆ ಅಂತ ಓದಿದ್ದೇನೆ. ಹಾಗಾದರೆ ನಮ್ಮ ನಾಗಬನ, ಭೂತಾರಾಧನೆಯ ಹಾಗೆಯೇ ಅಲ್ವಾ? ಫೆಬ್ರವರಿ ಕೊನೆಗೆ ನಾವೂ ಹೋಗುತ್ತಿದ್ದೇವೆ. ಗುಡಿಯೊಳಗೆ ನಮ್ಮನ್ನು ಬಿಡುತ್ತಾರಾ?"

ಟೀಚರ್, ನಮಸ್ಕಾರ.

ಮಗಳ ಗೆಳತಿ ಸುಳ್ಳು ಹೇಳುತ್ತಿಲ್ಲ. ಜಪಾನಿನ ದೇಸಿ ಆರಾಧನೆಯಾದ ಶಿಂಟೋಗೆ ಸ್ಥಾಪಕರಿಲ್ಲ. ಇಂಥದ್ದನ್ನೇ ನಂಬಬೇಕು ಎನ್ನುವ ಗ್ರಂಥವೂ ಇಲ್ಲ. 712ರ 'ಕೊಜಿಕಿ', 720ರ 'ನಿಹೊನ್ ಶೊಕಿ'ಯಲ್ಲಿ ದೇವತೆಗಳ ಕಥೆಗಳಿವೆ, ಆದರೆ ಅವನ್ನು ಓದಿಕೊಂಡೇ ಗುಡಿಗೆ ಹೋಗಬೇಕೆಂದಿಲ್ಲ. ಹುಟ್ಟಿದ ಮಗುವನ್ನು ತಿಂಗಳು ಕಳೆದ ಮೇಲೆ ಗುಡಿಗೆ ಕರೆದೊಯ್ಯುತ್ತಾರೆ. ಊರ ಹಬ್ಬದಲ್ಲಿ ದೇವರ ಪಲ್ಲಕ್ಕಿಗೆ ಹೆಗಲು ಕೊಡುತ್ತಾರೆ. ಮನೆಯಲ್ಲಿ ಸಾವಾದರೆ ಅದೇ ಜನ ಬೌದ್ಧ ಪುರೋಹಿತರನ್ನು ಕರೆಸುತ್ತಾರೆ. ಸಾವು ಶಿಂಟೋ ಲೆಕ್ಕದಲ್ಲಿ ಮೈಲಿಗೆ. ಸೂತಕ ಕಳೆಯುವವರೆಗೆ ಮನೆಯ ದೇವರ ಗೂಡಿಗೆ ಬಿಳಿ ಕಾಗದ ಮುಚ್ಚುವುದುಂಟು. ಇದನ್ನೆಲ್ಲ ಮಾಡುವವರನ್ನು 'ನಿಮ್ಮ ಧರ್ಮ ಯಾವುದು' ಎಂದರೆ 'ಯಾವುದೂ ಇಲ್ಲ' ಎನ್ನುವುದು ಸಹಜವೇ.

ಮಡಿ-ಮೈಲಿಗೆಯ ಈ ಲೆಕ್ಕಕ್ಕೆ ಅಲ್ಲೂ ಕಹಿ ಮುಖವಿದೆ. ಚರ್ಮದ ಕೆಲಸ, ಸತ್ತ ಪ್ರಾಣಿಗಳ ಕೆಲಸ ಮಾಡುತ್ತಿದ್ದವರನ್ನು ಜಪಾನೂ ಊರಾಚೆ ಇಟ್ಟಿತ್ತು. 1871ರಲ್ಲಿ ಕಾನೂನು ಅದನ್ನು ತೆಗೆದುಹಾಕಿತು. ಆಮೇಲೂ ಅವರ ಮಕ್ಕಳು ಮದುವೆ, ಕೆಲಸದ ವಿಷಯದಲ್ಲಿ ಪಾಡುಪಟ್ಟರು.

'ಪ್ರಕೃತಿ ಪೂಜೆ' ಎಂಬ ಮಾತಿಗೆ ನನ್ನ ತಕರಾರಿದೆ. ನಾರಾ ಪ್ರಾಂತ್ಯದ ಒಮಿವಾ ಗುಡಿಯಲ್ಲಿ ಗರ್ಭಗುಡಿಯೇ ಇಲ್ಲ, ಹಿಂದಿನ ಮಿವಾ ಬೆಟ್ಟವೇ ಪವಿತ್ರ. ನಾಚಿಯಲ್ಲಿ ಜಲಪಾತಕ್ಕೇ ಕೈಮುಗಿಯುತ್ತಾರೆ. ಅಲ್ಲಿಯವರೆಗೆ ಸರಿ. ಆದರೆ ದೇಶದ ತುಂಬ ಗುಡಿಗಳಿರುವ ತೆಂಜಿನ್ ದೇವರು ಬೆಟ್ಟವಲ್ಲ, ಮರವಲ್ಲ. ಬದುಕಿ ಸತ್ತ ಮನುಷ್ಯ.

ಹೆಸರು ಸುಗವಾರಾ ನೊ ಮಿಚಿಜಾನೆ. ವಿದ್ವಾಂಸ, ಕವಿ, ಕ್ಯೋಟೋ ಆಸ್ಥಾನದಲ್ಲಿ ದೊಡ್ಡ ಮಂತ್ರಿ. ಎದುರಾಳಿಗಳ ಚಾಡಿಯಿಂದ 901ರಲ್ಲಿ ದೂರದ ದಾಜೈಫುಗೆ ಗಡಿಪಾರಾದ. 903ರಲ್ಲಿ ಅಲ್ಲೇ ತೀರಿಕೊಂಡ. ಆಮೇಲೆ ಅವನ ಎದುರಾಳಿ ಫುಜಿವಾರಾ ನೊ ತೊಕಿಹಿರಾ ನಲವತ್ತು ತುಂಬುವ ಮೊದಲೇ ಸತ್ತ. 930ರಲ್ಲಿ ಅರಮನೆಗೆ ಸಿಡಿಲು ಬಡಿದು ಅಧಿಕಾರಿಗಳು ಸತ್ತರು. ಇದು ಮಿಚಿಜಾನೆಯ ಸಿಟ್ಟು ಎಂದು ಆಸ್ಥಾನ ನಡುಗಿತು. ಕೈಬಿಟ್ಟವರೇ ಪದವಿ ಮರಳಿಸಿದರು, ಗುಡಿ ಕಟ್ಟಿ ಪೂಜಿಸಿದರು. ಈಗ ಅವನು ವಿದ್ಯೆಯ ದೇವರು. ಪ್ರವೇಶ ಪರೀಕ್ಷೆ ಹತ್ತಿರವಾದರೆ ಮಕ್ಕಳು 'ಎಮಾ' ಎಂಬ ಪುಟ್ಟ ಮರದ ಹಲಗೆಯ ಮೇಲೆ ಸೇರಬೇಕಾದ ಕಾಲೇಜಿನ ಹೆಸರು ಬರೆದು ಗುಡಿಯಲ್ಲಿ ತೂಗುಹಾಕುತ್ತಾರೆ.

ನಿಮ್ಮ ಸೀಮೆಯವರಿಗೆ ಈ ಕಥೆ ಗುರುತು ಸಿಗಬೇಕು. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನ ಒಂದು ಕೈ, ಒಂದು ಕಾಲನ್ನು ಅರಸನೇ ಕಡಿಸಿದ, ಆಮೇಲೆ ಅವನೂ ತಂಗಿ ಕಲ್ಲುರ್ಟಿಯೂ ದೈವವಾದರು ಎನ್ನುತ್ತದೆ ತುಳುವಿನ ಹಾಡುಗಥೆ ಪಾಡ್ದನ. ನನ್ನ ಪ್ರಕಾರ ನಾಗಬನಕ್ಕಿಂತ ಇಲ್ಲೇ ಹೋಲಿಕೆ ಗಟ್ಟಿ. ಆದರೆ ಕೋಲದಲ್ಲಿ ದೈವ ಎದುರಿಗೇ ನಿಂತು ಮಾತಾಡುತ್ತದೆ, ನ್ಯಾಯ ತೀರಿಸುತ್ತದೆ. ತೆಂಜಿನ್ ಗುಡಿಯಲ್ಲಿ ಇವತ್ತು ಅಂಥ ನುಡಿಕಟ್ಟು ಇಲ್ಲ. ಹೋಲುತ್ತವೆ ಅಂತ ಸುಮ್ನೆ ಎರಡನ್ನೂ ಒಂದೇ ಮಾಡಬಾರದು. ನಮ್ಮಿಂದಲೇ ಹೋದ ದೇವರು ಬೇಕೆಂದರೆ ಸರಸ್ವತಿ ಇದ್ದಾಳೆ. ಬೌದ್ಧರ ಜೊತೆ ಚೀನಾ ದಾಟಿ ಜಪಾನ್ ಸೇರಿ ಬೆಂಜೈತೆನ್ ಆದಳು. ಯೋಕೊಹಾಮಾಕ್ಕೆ ಹತ್ತಿರದ ಎನೊಶಿಮಾ ದ್ವೀಪದಲ್ಲಿ ಬಿವಾ ಎಂಬ ತಂತಿವಾದ್ಯ ಹಿಡಿದ ಅವಳ ಮೂರ್ತಿ ಇದೆ.

ಇನ್ನೊಂದನ್ನು ಹೇಳಲೇಬೇಕು. 1868ರ ನಂತರ ಸರ್ಕಾರ ಶಿಂಟೋವನ್ನು ಬೌದ್ಧ ಧರ್ಮದಿಂದ ಕಿತ್ತು ಬೇರೆ ಮಾಡಿತು. ಶತಮಾನಗಳಿಂದ ಒಂದೇ ಅಂಗಳದಲ್ಲಿದ್ದ ಎಷ್ಟೋ ಬುದ್ಧನ ಮೂರ್ತಿಗಳು ನಾಶವಾದವು. ಸೂರ್ಯದೇವತೆ ಅಮತೆರಾಸುವಿನ ವಂಶದವನೆಂದು ಚಕ್ರವರ್ತಿಯನ್ನು ಪೂಜ್ಯನನ್ನಾಗಿಸಿ, ಆ ಭಕ್ತಿಯನ್ನು ಯುದ್ಧಕ್ಕೆ ಬಳಸಿಕೊಂಡರು. 1945ರ ಸೋಲಿನ ನಂತರವೇ ಗುಡಿಗಳು ಸರ್ಕಾರದ ಕೈ ತಪ್ಪಿದ್ದು. ಟೋಕಿಯೋದ ಯಾಸುಕುನಿ ಗುಡಿಯಲ್ಲಿ ಯುದ್ಧದಲ್ಲಿ ಮಡಿದವರ ಜೊತೆ 14 ಮಂದಿ 'ಎ' ದರ್ಜೆಯ ಯುದ್ಧಾಪರಾಧಿಗಳನ್ನೂ 1978ರಲ್ಲಿ ಪೂಜೆಗೊಳ್ಳುವವರ ಸಾಲಿಗೆ ಸೇರಿಸಿದರು. ಜಪಾನಿನ ನಾಯಕರು ಅಲ್ಲಿಗೆ ಹೋದಾಗಲೆಲ್ಲ ಕೊರಿಯಾ, ಚೀನಾ ಸಿಟ್ಟಾಗುವುದು ಇದಕ್ಕೇ. ಶಿಂಟೋ ಅಂದರೆ ಹಸಿರು, ಶಾಂತಿ ಅಂತಷ್ಟೇ ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಅಂಗಳಕ್ಕೆ ಯಾರು ಬೇಕಾದರೂ ಹೋಗಬಹುದು, ಜಾತಿ-ಧರ್ಮ ಕೇಳುವುದಿಲ್ಲ. ತೋರಿ ಎಂಬ ಹೆಬ್ಬಾಗಿಲ ಮುಂದೆ ತಲೆಬಾಗಿ, ದಾರಿಯ ಪಕ್ಕದಲ್ಲಿ ನಡೆಯಿರಿ; ನಡುದಾರಿ ದೇವರದು. ನೀರಿನ ತೊಟ್ಟಿಯ ಬಳಿ ಸೌಟಿನಿಂದ ಮೊದಲು ಎಡಗೈ, ಆಮೇಲೆ ಬಲಗೈ ತೊಳೆಯಿರಿ. ಎಡ ಬೊಗಸೆಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ. ಸೌಟು ಬಾಯಿಗೆ ತಾಗಬಾರದು, ಎಂಜಲು ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹಿಡಿಯ ಮೇಲೆ ಹರಿದು ಅದೂ ತೊಳೆದಂತಾಗುತ್ತದೆ. ಕಾಣಿಕೆ ಪೆಟ್ಟಿಗೆಗೆ ನಾಣ್ಯ ಹಾಕಿ, ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಬೇಡಿಕೊಂಡು, ಮತ್ತೊಮ್ಮೆ ಬಾಗಿ. ಚಪ್ಪಲಿ ಎಲ್ಲಿ ಬಿಡುವುದು ಅಂತ ಹುಡುಕಬೇಡಿ. ಪೆಟ್ಟಿಗೆಯ ಮುಂದೆ ಎಲ್ಲರೂ ಮೆಟ್ಟಿಕೊಂಡೇ ನಿಲ್ಲುತ್ತಾರೆ, ಮೆಟ್ಟಿಲು ಹತ್ತಿ ಒಳಗೆ ಹೋಗುವುದಿದ್ದರೆ ಮಾತ್ರ ಬಿಡಬೇಕು.

ಟೋಕಿಯೋದ ಯುಶಿಮಾ ತೆಂಜಿನ್ ಗುಡಿಗೆ ತಪ್ಪದೆ ಹೋಗಿ. ಪ್ಲಮ್ ಮರ ಮಿಚಿಜಾನೆಗೆ ಅಚ್ಚುಮೆಚ್ಚು. ಇಳಿದ ಮೊದಲ ದಿನಗಳಲ್ಲೇ ಹೋದರೆ ಹೂವೂ ಸಿಕ್ಕೀತು, ಮಾರ್ಚ್ ಕಳೆದರೆ ಸಿಗುವುದಿಲ್ಲ.

ಸಂಪಾದಕ